ಅಮೀರರಿಗೆ ಮಾತು ಕಲಿಸಿದವಳು

ಮೇಟಗಳ್ಳಿಯ ಬೀದಿಯಲ್ಲಿ ಪದ್ಮಾವತಿಯನ್ನು ಕೆಲವರು ಡಾಕ್ಟರಮ್ಮ ಎನ್ನುತ್ತಾರೆ, ಕೆಲವರು ಕಿವುಡು ಮಕ್ಕಳ ಮೇಷ್ಟ್ರಮ್ಮ ಎನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋದವರಿಗೆ ಮತ್ತೆ ಮಾತು ಬರಿಸುವುದು ಅವಳ ಕಸುಬು. ಅಪ್ಪ ಮರಿಯಯ್ಯ ನಂಜನಗೂಡಿನ ಆಚೆಯ ಹಳ್ಳಿಯಿಂದ ಬಂದು ಇಲ್ಲಿ ಕಾರ್ಖಾನೆ ಸೇರಿದವರು. ವಾಕ್ ಚಿಕಿತ್ಸೆಯ ಕೋರ್ಸಿಗೆ ಸೀಟು ಸಿಕ್ಕಿತೆಂದು ಮಗಳು ಬಂದು ಹೇಳಿದ ದಿನ ಅವರು ಗೋಡೆಯ ಮೇಲಿದ್ದ ಬುದ್ಧನ ಪಟ, ಅಂಬೇಡ್ಕರರ ಪಟ ಎರಡನ್ನೂ ನೋಡಿ, “ಊರ ದೊಡ್ಡೋರ ಮುಂದೆ ಬಾಯಿ ಬಿಡೋ ಅಂಗಿರ್ನಿಲ್ಲ ನಮ್ಮಪ್ಪ. ನೀನು ಮಾತು ಕಲ್ಸೋಕೆ ಓಯ್ತಿದ್ದೀಯ. ಓಗು” ಎಂದಿದ್ದರು.

ಓದು ಮುಗಿದ ಮೇಲೆ ಅವಳಿಗೆ ಕೆಲಸ ಸಿಕ್ಕಿದ್ದು ಸಹ್ಲಾನಿನಲ್ಲಿ. ಕೊಲ್ಲಿಯ ದಂಡೆಯಲ್ಲಿರುವ, ಒಂದು ಬದಿ ಮರಳು ಇನ್ನೊಂದು ಬದಿ ಸಮುದ್ರವಿರುವ, ಅಮೀರ ಎಂಬ ದೊರೆ ಆಳುವ ಸಣ್ಣ ನಾಡು ಅದು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ದುಡಿದಳು. ಮಾತು ತಡವಾದ ಮಕ್ಕಳ ಜೊತೆ ನೆಲದ ಮೇಲೆ ಕೂತು ಆಡುತ್ತ ಆಡುತ್ತ ಅರಬ್ಬಿಯನ್ನು ಅಲ್ಲಿನವರ ಹಾಗೆಯೇ ಆಡಲು ಕಲಿತಳು. ತಮ್ಮ ಸಿದ್ದುವಿಗೂ ಅಲ್ಲೇ ಏಸಿ ರಿಪೇರಿಯ ಕಂಪನಿಯೊಂದರಲ್ಲಿ ಕೆಲಸ ಕೊಡಿಸಿದಳು. ಅಪ್ಪ ತೀರಿಕೊಂಡ ವರ್ಷ ಅವಳು ಮೈಸೂರಿಗೆ ಮರಳಿದಳು. ಸಿದ್ದು ಅಲ್ಲೇ ಉಳಿದ. ಜಯಲಕ್ಷ್ಮಿಪುರಂನಲ್ಲಿ ಔಷಧಿ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಕ್ಲಿನಿಕ್ ತೆರೆದಳು. ಗಂಡ ಮಹದೇವಸ್ವಾಮಿ ಹೈಸ್ಕೂಲು ಮೇಷ್ಟ್ರು. ಮನೆಯಲ್ಲಿ ತಾಯಿ ಚೆಲುವಮ್ಮ. ಇಷ್ಟೇ ಅವಳ ಸಂಸಾರ.

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲಿನ ಸೋಮವಾರ, ಚಂದ್ರಮೌಳಿ ಎಂಬಾತ ಕ್ಲಿನಿಕ್ಕಿಗೆ ಬಂದ. ವಿದೇಶದ ರೋಗಿಗಳಿಗೆ ಮೈಸೂರಿನಲ್ಲಿ ಮನೆ, ವೈದ್ಯರು, ಎಣ್ಣೆ ಚಿಕಿತ್ಸೆ ಎಲ್ಲ ಗೊತ್ತುಮಾಡಿಕೊಡುವುದು ಅವನ ವ್ಯವಹಾರ.

“ಯಾದವಗಿರಿಯಲ್ಲಿ ಒಬ್ರು ಇದಾರೆ ಮೇಡಂ. ಅರಬ್ಬಿನೋರು, ವಯಸ್ಸಾಗಿದೆ. ಸ್ಟ್ರೋಕ್ ಆಗಿ ಏಳು ತಿಂಗ್ಳು. ಮಾತೇ ಇಲ್ಲ. ಅರಬ್ಬಿ ಬರೋ ಥೆರಪಿಸ್ಟು ಈ ಕಡೇಲಿ ನೀವೊಬ್ರೇ ಅಂತ ಹೇಳಿದ್ರು.”

“ಯಾರು ಹೇಳಿದ್ರು?”

ಚಂದ್ರಮೌಳಿ ನಕ್ಕ. “ಅವ್ರ ಮನೆಯೋರಿಗೇ ಗೊತ್ತಿತ್ತು ಕಣ್ರೀ. ನಿಮ್ಮ ಹೆಸ್ರು ಬರ್ಕೊಂಡೇ ಬಂದಿದ್ರು.”

ಆ ಉತ್ತರ ಪದ್ಮಾವತಿಗೆ ಅಷ್ಟು ಹಿಡಿಸಲಿಲ್ಲ. ಆದರೂ ರೋಗಿ ರೋಗಿಯೇ. ಮಾರನೆಯ ದಿನ ಹತ್ತು ಗಂಟೆಗೆ ಹೋದಳು.

ಹಳೆಯ ಕಾಲದ ಬಂಗಲೆ. ಕಾಂಪೌಂಡಿನ ತುಂಬ ಸಂಪಿಗೆ, ಗೋಡೆಗೆ ಹೊಸದಾಗಿ ಎತ್ತರಿಸಿದ ತಗಡು. ಗೇಟಿನಲ್ಲೇ ಫೋನು ಇಸಿದುಕೊಂಡು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟರು. ಕಿಟಕಿಯ ಗಾಜಿಗೆಲ್ಲ ಒಳಗಿನಿಂದ ನೀಲಿ ಕಾಗದ ಅಂಟಿಸಿದ್ದರು. ಒಳಗಿನ ಕೋಣೆಯ ಆರಾಮ ಕುರ್ಚಿಯಲ್ಲಿ ಒಬ್ಬ ಮುದುಕರು ಕೂತಿದ್ದರು. ಬಲಗೈ ಸತ್ತಂತೆ ತೊಡೆಯ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಇದ್ರೀಸ್ ಎಂಬ ಸುಡಾನಿನ ಹಳೆಯ ಆಳು ನಿಂತಿದ್ದ. ಕೋಣೆಯ ಮೂಲೆಯಲ್ಲಿ ಒಂದು ಕ್ಯಾಮೆರಾ.

ಪದ್ಮಾವತಿ ಆ ಮುಖವನ್ನು ನೋಡಿದ ಕೂಡಲೇ ಗುರುತಿಸಿದಳು. ಸಹ್ಲಾನಿನ ಆಸ್ಪತ್ರೆಯ ಹಜಾರದಲ್ಲಿ, ಲಿಫ್ಟಿನ ಎದುರು ತೂಗುಹಾಕಿದ್ದ ಆಳೆತ್ತರದ ಪಟದ ಕೆಳಗೆ ಹದಿನಾಲ್ಕು ವರ್ಷ ಓಡಾಡಿದವಳು ಅವಳು. ಗಡ್ಡ ಬೆಳ್ಳಗಾಗಿತ್ತು, ಕೆನ್ನೆ ಇಳಿದಿತ್ತು, ಅಷ್ಟೇ ವ್ಯತ್ಯಾಸ. ಅವರು ಸಹ್ಲಾನಿನ ಅಮೀರರು.

ತಾನು ಗುರುತಿಸಿದೆ ಎಂಬುದು ಮುಖದಲ್ಲಿ ಕಾಣದಂತೆ ಅವಳು ಚೀಲದಿಂದ ಚಿತ್ರದ ಕಾರ್ಡುಗಳನ್ನು ತೆಗೆದು ಜೋಡಿಸತೊಡಗಿದಳು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ತನ್ನನ್ನು ತಾನೇ ಕೇಳಿಕೊಂಡಳು. ಹೆದರಿಕೆ ಅವಳಿಗಿಂತ ಮೊದಲು ಅವಳ ಕೈಗೆ ಗೊತ್ತಾಗಿತ್ತು.

ಅಮೀರರು ಏಳು ತಿಂಗಳಿಂದ ಜನರ ಕಣ್ಣಿಗೆ ಬಿದ್ದಿರಲಿಲ್ಲ. ಶುಕ್ರವಾರದ ನಮಾಜಿಗೂ ಬಂದಿರಲಿಲ್ಲ. ‘ವಿಶ್ರಾಂತಿಯಲ್ಲಿದ್ದಾರೆ’ ಎಂದಷ್ಟೇ ಅರಮನೆ ಹೇಳಿತ್ತು. ಇಂಟರ್ನೆಟ್ಟಿನಲ್ಲಿ ಒಬ್ಬೊಬ್ಬರದು ಒಂದೊಂದು ಕತೆ. ಸತ್ತೇ ಹೋಗಿದ್ದಾರೆ, ಹೆಣ ಬಚ್ಚಿಟ್ಟಿದ್ದಾರೆ ಎಂದು ಒಬ್ಬ. ಸ್ವಿಟ್ಜರ್ಲೆಂಡಿನ ಆಸ್ಪತ್ರೆಯಲ್ಲಿದ್ದಾರೆ ಎಂದು ಇನ್ನೊಬ್ಬ. ಪಟ್ಟದ ಹಕ್ಕಿನ ಹಿರಿಯ ಮಗ ಸುಹೈಲ್ ಬೇಟೆಗೆ ಹೋದವನು ಮರಳಿಲ್ಲ, ಕಿರಿಯ ಮಗ ಗಾನಿಮ್ ಕಾವಲು ಪಡೆಯನ್ನೆಲ್ಲ ಕೈಗೆ ತೆಗೆದುಕೊಂಡಿದ್ದಾನೆ ಎಂದು ಮತ್ತೊಬ್ಬ. ಸಿದ್ದು ಫೋನಿನಲ್ಲಿ ಇದನ್ನೆಲ್ಲ ದನಿ ತಗ್ಗಿಸಿ ಹೇಳುತ್ತಿದ್ದ.

“ಇಲ್ಲಿ ಯಾರೂ ಬಾಯಿ ಬಿಡಂಗಿಲ್ಲ ಅಕ್ಕ. ಟೀ ಅಂಗ್ಡೀಲಿ ಒಬ್ಬ ಮಲಯಾಳಿ ಏನೋ ಅಂದ ಅಂತ ಎತ್ತಾಕ್ಕೊಂಡು ಹೋದ್ರು. ಮುದುಕ್ರು ಓಗ್ಬುಟ್ಟವ್ರೆ ಅಂತ್ಲೇ ಎಲ್ರೂ ಅನ್ಕೊಂಡವ್ರೆ.”

ಆ ಮುದುಕರಿಗೆ ಆವತ್ತು ಬೆಳಿಗ್ಗೆಯೇ ಅವಳು ಲೋಟ ಹಿಡಿಯಲು ಕಲಿಸಿ ಬಂದಿದ್ದಳು. “ಅವೆಲ್ಲ ಫೋನಲ್ಲಿ ಮಾತಾಡ್ಬೇಡ ಕಣೋ” ಎಂದಷ್ಟೇ ಹೇಳಿದಳು. ಗಂಡನಿಗೂ ಹೇಳಲಿಲ್ಲ.

ಅಮೀರರ ಬಾಯಲ್ಲಿ ಉಳಿದಿದ್ದುದು ಒಂದೇ ಶಬ್ದ: ‘ಲಾ’. ಅರಬ್ಬಿಯಲ್ಲಿ ಅದು ‘ಇಲ್ಲ’, ‘ಬೇಡ’. ನೀರು ಬೇಕಾದರೂ ಲಾ, ಬೇಡವಾದರೂ ಲಾ, ಬಂದವರಿಗೆ ನಮಸ್ಕಾರವೂ ಲಾ. ಮೆದುಳಿನ ಎಡಭಾಗ ಕೆಟ್ಟವರಿಗೆ ಹೀಗೆ ಒಂದೇ ಮಾತು ಉಳಿದುಬಿಡುವುದುಂಟು. ಆದರೆ ಮಾತು ಹೋದ ಕಡೆಯಲ್ಲೂ ರಾಗ ಉಳಿದಿರುತ್ತದೆ. ತನ್ನ ಹೆಸರು ಹೇಳಲಾರದ ಮುದುಕಿಯೊಬ್ಬಳು ಪೂರ್ತಿ ಸೋಬಾನೆ ಹಾಡಿದ್ದನ್ನು ಪದ್ಮಾವತಿ ತನ್ನ ಕ್ಲಿನಿಕ್ಕಿನಲ್ಲೇ ಕೇಳಿದ್ದಳು. ಹಾಗಾಗಿ ಅಮೀರರ ಎಡಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಕುರ್ಚಿಯ ಮರಕ್ಕೆ ಟಕ್ ಟಕ್ ಎಂದು ತಾಳ ತಟ್ಟುತ್ತ, ಒಂದೊಂದು ಮಾತನ್ನೂ ರಾಗವಾಗಿ ಎಳೆದು ಹೇಳಿಕೊಡತೊಡಗಿದಳು. ಮುತ್ತು ತೆಗೆಯುವವರು ಹಗ್ಗ ಎಳೆಯುವಾಗ ಹಾಡುವ ಪದವೊಂದನ್ನು ಇದ್ರೀಸ್ ನೆನಪು ಮಾಡಿದ. ಮೂರನೆಯ ವಾರ ಅಮೀರರು ಆ ಹಾಡಿನ ಒಂದು ಸಾಲನ್ನು ತಾವಾಗಿಯೇ ಹಾಡಿದರು. ಇದ್ರೀಸ್ ಗೋಡೆಯ ಕಡೆ ತಿರುಗಿ ನಿಂತ.

ಆಮೇಲೆ ಮಾತು ಒಂದೊಂದಾಗಿ ಬಂತು. ಯಾವ ಮಾತು ಕಲಿಸಬೇಕೆಂದು ಮನೆಯವರಿಂದ ಚೀಟಿ ಬರುತ್ತಿತ್ತು. ಮೊದಲ ಚೀಟಿಗಳಲ್ಲಿ ನೀರು, ಖರ್ಜೂರ, ಚಹಾ, ಬಾಗಿಲು. ಆಮೇಲೆ ನಾನು, ನನ್ನ, ಈ, ಮಗ, ಕೈ, ಕೊಟ್ಟೆ, ಇಂದು. ಒಂದು ದಿನ ‘ಭಾರ’ ಎಂದಿತ್ತು. ಇದೇಕೆಂದು ಕೇಳಿದ್ದಕ್ಕೆ, ಚೀಟಿ ತಂದ ಹುಡುಗಿ ನರ್ಸು, “ಹೊದಿಕೆ ಭಾರ ಆದ್ರೆ ಹೇಳ್ಬೇಕಲ್ಲ” ಎಂದಳು. ಸರಿಯೆನಿಸಿತು. ಇನ್ನೊಂದು ದಿನ ‘ಗಾನಿಮ್’ ಎಂದಿತ್ತು. ಮಗನ ಹೆಸರನ್ನು ಯಾವ ಮನೆಯವರು ತಾನೇ ಬರೆಯುವುದಿಲ್ಲ? ಒಂದೇ ಒಂದು ವಿಷಯ ಅವಳಿಗೆ ಬೇಸರ ತಂದಿತ್ತು. ಅಷ್ಟೂ ಚೀಟಿಗಳಲ್ಲಿ ‘ನೋವು’ ಎಂಬ ಮಾತು ಬರಲೇ ಇಲ್ಲ. ಯಾವ ರೋಗಿಯ ಮನೆಯವರೂ ಮೊದಲು ಕೇಳುವುದು ಅದನ್ನೇ. ಅವಳೇ ಅದನ್ನು ಸೇರಿಸಿ ಕಲಿಸಿದಳು. ಅಮೀರರು ಅದನ್ನು ಬೇಗ ಕಲಿತರು.

ಇಷ್ಟರಲ್ಲಿ ಅವಳು ಇನ್ನೊಂದು ಸಂಗತಿ ಕಂಡುಕೊಂಡಿದ್ದಳು. ಅಮೀರರ ಎಲ್ಲ ‘ಲಾ’ಗಳೂ ಒಂದೇ ಅಲ್ಲ. ಬಾಯಿಗೆ ಬಂದು ಬೀಳುವ ಲಾ ಬೇರೆ. ನಿಜವಾಗಿ ಬೇಡ ಎನ್ನುವಾಗ ದನಿ ಕೆಳಗಿಳಿಯುತ್ತಿತ್ತು, ಎಡಗೈಯ ಅಂಗೈ ಕವುಚಿ ಕೂತುಬಿಡುತ್ತಿತ್ತು. ಇಪ್ಪತ್ತು ಸಲ ಪರೀಕ್ಷೆ ಮಾಡಿ ನೋಡಿದಳು, ಇಪ್ಪತ್ತು ಸಲವೂ ತಪ್ಪಲಿಲ್ಲ. ಎಂದರೆ ಕೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು.

ಒಂದು ಬೆಳಿಗ್ಗೆ ನರ್ಸು ಹೊರಗೆ ಹೋದ ಗಳಿಗೆಯಲ್ಲಿ ಇದ್ರೀಸ್ ಕ್ಯಾಮೆರಾಕ್ಕೆ ಬೆನ್ನು ಮಾಡಿ, ತಟ್ಟೆ ಒರೆಸುತ್ತ ಹೇಳಿದ: “ಸುಹೈಲ್ ಅಪ್ಪನನ್ನು ನೋಡಬೇಕು ಎಂದು ಮೂರು ಸಲ ಕೇಳಿಕೊಂಡ. ಅಪ್ಪನಿಗೆ ನಿನ್ನ ಮುಖ ನೋಡಲು ಇಷ್ಟವಿಲ್ಲ ಎಂದು ಇವರು ಹೇಳಿ ಕಳಿಸಿದರು. ಈಗ ಸುಹೈಲ್ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.”

ಮಾರನೆಯ ದಿನ ಇದ್ರೀಸ್ ಇರಲಿಲ್ಲ. ಊರಿಗೆ ಹೋದ ಎಂದರು. ಅವನ ಚಪ್ಪಲಿ ಹಿಂದಿನ ಬಾಗಿಲಲ್ಲಿ ಹಾಗೇ ಇತ್ತು.

ಒಂಬತ್ತನೆಯ ವಾರ ಗಾನಿಮ್ ಬಂದ. ಮೂವತ್ತೈದರ ಆಸುಪಾಸು, ಸಾದಾ ಷರ್ಟು, ಮೃದು ಮಾತು. ಪದ್ಮಾವತಿಯನ್ನು ಹಜಾರದಲ್ಲಿ ಕೂರಿಸಿ ಕೈಯಾರೆ ಚಹಾ ಬಗ್ಗಿಸಿ ಕೊಟ್ಟ.

“ನಮ್ಮ ತಂದೆಗೆ ನೀವು ಮಾಡಿದ್ದನ್ನು ನಾವು ಮರೆಯುವುದಿಲ್ಲ” ಎಂದ. “ಇನ್ನೊಂದೇ ಒಂದು ಉಪಕಾರ. ಈದ್ ಹಬ್ಬಕ್ಕೆ ಮುಂಚೆ ಜನ ಅವರ ದನಿ ಕೇಳಬೇಕು. ಈ ಒಂದು ವಾಕ್ಯ ಸಾಕು.”

ಚೀಟಿಯಲ್ಲಿ ಹೀಗಿತ್ತು: ‘ಇಂದು ನನ್ನ ಕೈಯಿಂದ ಈ ಭಾರವನ್ನು ನನ್ನ ಮಗ ಗಾನಿಮ್‌ಗೆ ಕೊಟ್ಟೆ.’

ಅವಳು ಎರಡು ಸಲ ಓದಿದಳು. ಒಂದೊಂದು ಮಾತೂ ಗುರುತಿನದು. ಎಲ್ಲವನ್ನೂ ತಾಳ ತಟ್ಟಿ ಕಲಿಸಿದವಳು ಅವಳೇ. ಚೀಟಿಯನ್ನು ಅವನಿಗೇ ಮರಳಿ ಕೊಟ್ಟಳು.

“ಅವರಿಗೆ ಹೇಳುವ ಮನಸ್ಸಿರಬೇಕು” ಎಂದಳು. “ಮೊದಲು ಅವರನ್ನೇ ಕೇಳೋಣ.”

ಗಾನಿಮ್ ಎದ್ದ. ಇಬ್ಬರೂ ಒಳಗೆ ಹೋದರು. ಅವನು ತಂದೆಯ ಮುಂದೆ ಮೊಣಕಾಲೂರಿ ಕೂತು ಆ ವಾಕ್ಯವನ್ನು ನಿಧಾನವಾಗಿ ಓದಿದ. ಅಮೀರರು ಮಗನ ಮುಖವನ್ನೇ ನೋಡುತ್ತಿದ್ದರು. ಓದಿ ಮುಗಿದ ಮೇಲೆ, “ಲಾ” ಎಂದರು. ದನಿ ಕೆಳಗಿಳಿಯಿತು. ಅಂಗೈ ಕವುಚಿ ಕೂತಿತು.

ಗಾನಿಮ್ ನಕ್ಕ. “ಪಾಪ, ಚಹಾಕ್ಕೂ ಲಾ ಅನ್ನುತ್ತಾರೆ.”

“ಚಹಾಕ್ಕೆ ಹೇಳುವುದು ಬೇರೆ, ಇದು ಬೇರೆ. ಇದು ನಿಜವಾದ ಬೇಡ. ಅವರಿಗೆ ಎಲ್ಲ ಅರ್ಥವಾಗುತ್ತದೆ.”

ಗಾನಿಮ್ ಅವಳ ಕಡೆ ತಿರುಗಿದ. “ಇದು ನಿಮ್ಮನ್ನು ಬಿಟ್ಟು ಇನ್ನಾರಿಗೆ ಗೊತ್ತು?”

“ಇನ್ನಾರಿಗೂ ಇಲ್ಲ.”

ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಗಾನಿಮ್ ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ಅದೇ ಮೃದು ದನಿಯಲ್ಲಿ, “ನಿಮ್ಮ ತಮ್ಮ ನಮ್ಮಲ್ಲೇ ಇದ್ದಾನಲ್ಲ? ಒಳ್ಳೆಯ ಕೆಲಸಗಾರ ಅಂತ ಕೇಳಿದೆ” ಎಂದ.

ಅವಳು ಎರಡು ದಿನ ಸಮಯ ಕೊಡಿ, ಪ್ರಯತ್ನಪಡುತ್ತೇನೆ ಎಂದು ಹೇಳಿ ಬಂದುಬಿಟ್ಟಳು.

ಆವತ್ತು ಮಧ್ಯಾಹ್ನ ಸ್ಕೂಲಿನಿಂದ ಗಂಡನನ್ನು ಕರೆಸಿಕೊಂಡು ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಚೆಲುವಮ್ಮ ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡರು.

ಮಹದೇವಸ್ವಾಮಿ, “ಪೊಲೀಸ್ಗೆ ಹೇಳೋಣ” ಎಂದರು.

“ಏನಂತ ಹೇಳ್ತೀರಿ? ಒಬ್ರು ಮುದುಕ್ರು ಬೇಡ ಅಂದ್ರು ಅಂತ್ಲಾ? ಅವ್ರ ಪಾಸ್‌ಪೋರ್ಟಲ್ಲಿ ಯಾವ ಹೆಸ್ರಿದೆಯೋ. ಮೊದ್ಲು ಸಿದ್ದು ಬರ್ಲಿ. ಅವ್ನು ಅಲ್ಲಿರೋ ತನ್ಕ ನನ್ ಬಾಯಿ ಕಟ್ಟಿದ ಹಾಗೇ.”

ಚೆಲುವಮ್ಮ ಕೈ ಒರೆಸಿಕೊಂಡು, “ಫೋನ್ ಅಚ್ಕೊಡು” ಎಂದರು. ಜೀವಮಾನದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಮುದುಕಿ ಅದು. ಮಗ ಫೋನೆತ್ತಿದೊಡನೆ ಬಿಕ್ಕಿದರು. “ಸಿದ್ದು, ಎದೆಗೆ ನೀರ್ ತುಂಬ್ಕೊಂಡಯ್ತಂತೆ ಕಣಪ್ಪ. ನಾನು ಉಳ್ಯಕಿಲ್ಲ. ನಿನ್ ಮೊಕ ನೋಡ್ಬೇಕು, ಬಂದ್ಬುಡು.” ಎಷ್ಟು ಚೆನ್ನಾಗಿ ಅತ್ತರೆಂದರೆ, ಪದ್ಮಾವತಿಗೆ ಅದು ಸುಳ್ಳೋ ಅಪಶಕುನವೋ ತಿಳಿಯದಾಯಿತು.

ರಜೆ ಮಂಜೂರಾಗಲು, ಕಂಪನಿಯಿಂದ ಪಾಸ್‌ಪೋರ್ಟ್ ಬಿಡಿಸಿಕೊಳ್ಳಲು ಹದಿನೈದು ದಿನವಾದರೂ ಬೇಕೆಂದು ಸಿದ್ದು ಹೇಳಿದ. ಅಲ್ಲಿಯವರೆಗೆ ಹೇಗಾದರೂ ಕಾಲ ದೂಡಬೇಕು ಎಂದುಕೊಂಡು ಪದ್ಮಾವತಿ ಮತ್ತೆ ಯಾದವಗಿರಿಗೆ ಹೋದಳು. ಆ ವಾಕ್ಯವನ್ನು ಮುಟ್ಟದೆ, ಗಂಟಲು ಇನ್ನೂ ಸಡಿಲವಾಗಬೇಕು ಎಂದು ನೆಪ ಹೇಳಿ, ಮುತ್ತಿನವರ ಹಾಡನ್ನೇ ಹಾಡಿಸಿದಳು. ಅಮೀರರು ಅರ್ಧಕ್ಕೆ ನಿಲ್ಲಿಸಿ, ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು, “ಸುಹೈಲ್” ಎಂದರು. ಯಾರೂ ಕಲಿಸದ ಮಾತು ಅದು. ಅವಳು ಕ್ಯಾಮೆರಾದ ಕಡೆ ನೋಡದಿರಲು ಪ್ರಯತ್ನಿಸಿದಳು. “ನನಗೆ ಗೊತ್ತಿಲ್ಲ” ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಅವರು ಕೈ ಬಿಡಲು ತುಂಬ ಹೊತ್ತು ಹಿಡಿಯಿತು.

ಮಾರನೆಯ ದಿನ ಬಂಗಲೆಯ ಗೇಟಿಗೆ ಬೀಗ. ಕಿಟಕಿಯ ನೀಲಿ ಕಾಗದ ಕಿತ್ತಿತ್ತು. ಅಂಗಳಕ್ಕೆ ಆಗಷ್ಟೇ ನೀರು ಹಾಕಿ ತೊಳೆದಿದ್ದರು. ಅವಳು ಹಿಂದೆಂದೂ ನೋಡದ ವಾಚ್‌ಮನ್ ಒಬ್ಬ ಸಂಪಿಗೆ ಎಲೆ ಗುಡಿಸುತ್ತಿದ್ದ.

“ಇಲ್ಲಿದ್ದ ಅರಬ್ಬಿಯೋರು?”

“ಯಾವ ಅರಬ್ಬಿಯೋರು ಅಮ್ಮ? ದೀಪಾವಳಿಯಿಂದ ಖಾಲಿ ಬಿದ್ದದೆ ಮನೆ.”

ಅವನ ಕಾಲ ಬಳಿ ಬಿಸ್ಕತ್ತಿನ ಡಬ್ಬಿ ಮುಚ್ಚಳ ತೆಗೆದು ಬಿದ್ದಿತ್ತು. ಚಂದ್ರಮೌಳಿಗೆ ಫೋನು ಮಾಡಿದಳು. ಐದನೆಯ ಸಲಕ್ಕೆ ಎತ್ತಿ, “ನಂಗೇನೂ ಗೊತ್ತಿಲ್ಲ ಮೇಡಂ. ನಂಗೂ ಮಕ್ಳಿದಾರೆ. ದಯವಿಟ್ಟು ಫೋನ್ ಮಾಡ್ಬೇಡಿ” ಎಂದ. ಆಮೇಲೆ ಆ ನಂಬರು ಹೋಗಲೇ ಇಲ್ಲ.

ಹನ್ನೊಂದು ದಿನ ಕಳೆದ ಮೇಲೆ ಸಹ್ಲಾನಿನ ಟಿವಿಯಲ್ಲಿ ಅಮೀರರ ದನಿ ಬಂತು. ಮುಖವಿಲ್ಲ, ಹಳೆಯ ಪಟ, ಹಿಂದೆ ಬಾವುಟ, ಮುಂದೆ ಹನ್ನೆರಡು ಸೆಕೆಂಡಿನ ದನಿ. ಪದ್ಮಾವತಿ ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ಕಿವಿಗೆ ಇಯರ್‌ಫೋನು ಸಿಕ್ಕಿಸಿ ಕೇಳಿದಳು. ಇಂದು. ನನ್ನ ಕೈಯಿಂದ. ಈ ಭಾರವನ್ನು. ನನ್ನ ಮಗ. ಪ್ರತಿ ಮಾತೂ ಅವಳು ಎಳೆದು ಹೇಳಿಕೊಟ್ಟ ರಾಗದಲ್ಲೇ ಇತ್ತು. ಎರಡು ಕಡೆ ಮಾತಿನ ಹಿಂದೆ ಮರಕ್ಕೆ ತಟ್ಟಿದ ಸಣ್ಣ ಸದ್ದು ಕೇಳಿಸಿತು. ತಟ್ಟಿದ್ದು ಅವಳ ಕೈ. ‘ಗಾನಿಮ್’ ಎಂಬಲ್ಲಿ ದನಿ ಮೇಲೇರಿತ್ತು. ಹೆಸರು ಕಲಿತ ದಿನ ಅಮೀರರು ಮಗನನ್ನು ಕೂಗಿ ಕರೆದಿದ್ದರು, ಪಕ್ಕದ ಕೋಣೆಯಲ್ಲಿರಬಹುದೇನೋ ಎಂಬಂತೆ. ಆ ಕೂಗನ್ನು ಕತ್ತರಿಸಿ ಇಲ್ಲಿ ಹೊಲಿದಿದ್ದರು. ಅವಳು ವಾಕ್ಯ ಕಲಿಸಿರಲಿಲ್ಲ. ಕಲಿಸುವ ಅಗತ್ಯವೇ ಅವರಿಗೆ ಇರಲಿಲ್ಲ. ಒಂಬತ್ತು ವಾರ ಆ ಕ್ಯಾಮೆರಾ ತೆರೆದೇ ಇತ್ತು.

ಸಂಜೆಯ ಹೊತ್ತಿಗೆ ಗಾನಿಮ್ ಹೊಸ ಅಮೀರನಾದ. ದನಿ ಅಸಲಿ ಎಂದು ಕೆಲವು ಪಂಡಿತರು, ಯಂತ್ರ ಹುಟ್ಟಿಸಿದ ನಕಲಿ ಎಂದು ಇನ್ನು ಕೆಲವರು ಇಂಟರ್ನೆಟ್ಟಿನಲ್ಲಿ ಜಗಳಕ್ಕೆ ಬಿದ್ದರು. ಎರಡೂ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಯೋಚನೆ ಅವಳನ್ನು ತಿನ್ನುತ್ತಿತ್ತು. ಆ ದನಿ ಟಿವಿಯಲ್ಲಿ ಬಂದ ಮೇಲೆ, ಜೀವಂತ ಮುದುಕರಿಂದ ಅವರಿಗೆ ಆಗಬೇಕಾದ್ದೇನಿತ್ತು?

ಸಿದ್ದು ಬಂದದ್ದು ಅದಾದ ನಾಲ್ಕನೆಯ ದಿನ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅವನನ್ನು ನಾಲ್ಕು ಗಂಟೆ ಒಂಟಿ ಕೋಣೆಯಲ್ಲಿ ಕೂರಿಸಿದ್ದರಂತೆ.

“ಒಂದೇ ಕೇಳಿದ್ದು ಅಕ್ಕ. ನಿನ್ ಅಕ್ಕ ಏನ್ ಕೆಲ್ಸ ಮಾಡ್ತಾಳೆ ಅಂತ. ಮಕ್ಳಿಗೆ ಮಾತು ಕಲಿಸ್ತಾಳೆ ಅಂದೆ. ಆಮೇಲೆ ಇದ್ನ ಕೊಟ್ಟು ಕಳ್ಸಿದ್ರು.”

ಖರ್ಜೂರದ ಪೆಟ್ಟಿಗೆ. ಮೇಲೆ ಹೊಸ ಅಮೀರನ ಮುದ್ರೆ, ಅದರ ಕೆಳಗೆ ಅಚ್ಚು ಅಕ್ಷರದಲ್ಲಿ ಮೇಟಗಳ್ಳಿಯ ಮನೆ ನಂಬರು, ಅಡ್ಡರಸ್ತೆ, ಚೆಲುವಮ್ಮನ ಹೆಸರು. ಬಂಗಲೆಯಲ್ಲಿ ಪದ್ಮಾವತಿ ಕ್ಲಿನಿಕ್ಕಿನ ವಿಳಾಸ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಚೆಲುವಮ್ಮ ಪೆಟ್ಟಿಗೆಯನ್ನು ಹಿತ್ತಿಲಿಗೆ ಒಯ್ದು ಗುಂಡಿ ತೋಡಿ ಹೂತು, ಕೈ ತೊಳೆದುಕೊಂಡು ಒಳಗೆ ಬಂದರು. “ನಾಯಿಗೂ ಆಕ್ಬಾರ್ದು ಅದ್ನ” ಎಂದರು. ಸಿದ್ದು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಜೂನ್ ತಿಂಗಳಲ್ಲಿ ಹಳೆಯ ಅಮೀರರು ‘ದೀರ್ಘಕಾಲದ ಅಸ್ವಸ್ಥತೆಯಿಂದ’ ತೀರಿಕೊಂಡರೆಂದು ಪ್ರಕಟಣೆ ಬಂತು. ಸತ್ತದ್ದು ಯಾವ ದಿನ, ಎಲ್ಲಿ ಎಂದು ಇರಲಿಲ್ಲ. ಮಣ್ಣಿಗೆ ಸುಹೈಲ್ ಬಂದಿದ್ದನೇ ಎಂದೂ ಇರಲಿಲ್ಲ.

ಆ ವಾರವೇ ಪದ್ಮಾವತಿ ಲಂಡನ್ನಿನ ಒಬ್ಬ ಪತ್ರಕರ್ತೆಗೆ ತಾನಾಗಿಯೇ ಬರೆದಳು. ಮಹದೇವಸ್ವಾಮಿ ಬೇಡವೆಂದರು, ಸಿದ್ದು ಬೇಡವೆಂದ. “ಅವ್ರು ಬೇಡ ಅಂದಿದ್ದು ನನ್ನೊಬ್ಬಳಿಗೆ ಗೊತ್ತು. ನಾನೂ ಸುಮ್ನಿದ್ಬುಟ್ರೆ ಅವ್ರು ಅಂದೇ ಇಲ್ಲ ಅಂತಾಗುತ್ತೆ” ಎಂದು ಹೇಳಿ ನಾಲ್ಕು ಪುಟ ಬರೆದು ಕಳಿಸಿದಳು. ಅವಳ ಹೆಸರಿಲ್ಲದೆ, ಊರಿನ ಹೆಸರಿಲ್ಲದೆ ಅದು ಅಚ್ಚಾಯಿತು. ಸಹ್ಲಾನಿನ ಅರಮನೆ ಕಟ್ಟುಕತೆ ಎಂದಿತು. ಜನ ಎರಡು ದಿನ ಮಾತಾಡಿ, ಮೂರನೆಯ ದಿನ ಬೇರೆ ಸುದ್ದಿಗೆ ಹೋದರು.

ಅಂದಿನಿಂದ ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕ್ಲಿನಿಕ್ಕಿನ ಫೋನು ಹೊಡೆದುಕೊಳ್ಳುತ್ತದೆ. ಆ ಕಡೆ ಯಾರೂ ಮಾತಾಡುವುದಿಲ್ಲ. ಉಸಿರು ಮಾತ್ರ ಕೇಳುತ್ತದೆ. ಉಸಿರು ಕೇಳುವುದು ಅವಳ ಕಸುಬೇ. ಮಾತು ಬಾರದೆ ಒದ್ದಾಡುವವರ ಉಸಿರು ಅದಲ್ಲ. ಪ್ರಾಯದ, ಗಟ್ಟಿಮುಟ್ಟಾದ, ಮಾತಾಡಬಲ್ಲ ಗಂಡಸಿನ ಉಸಿರು.

ನಂಬರು ಬದಲಾಯಿಸು ಎಂದು ಮಹದೇವಸ್ವಾಮಿ ಹೇಳುತ್ತಲೇ ಇದ್ದಾರೆ. “ಬದಲಾಯಿಸಿದ್ರೆ ಹೊಸ ನಂಬರೂ ಅವ್ರಿಗೆ ಸಿಗುತ್ತೆ ಕಣ್ರೀ. ಅದು ಗೊತ್ತಾಗೋದು ನಂಗೆ ಬೇಡ” ಎನ್ನುತ್ತಾಳೆ. ಕಳೆದ ಗುರುವಾರ ಫೋನು ಬಂದಾಗ ಅವಳ ಎದುರು ಬಟ್ಟೆ ವ್ಯಾಪಾರದ ಶಿವಮಲ್ಲಪ್ಪ ಕೂತಿದ್ದರು. ಪಾರ್ಶ್ವವಾಯುವಾಗಿ ಎರಡು ತಿಂಗಳಾದವರು. ಪದ್ಮಾವತಿ ಒಂದು ನಿಮಿಷ ಆ ಉಸಿರನ್ನು ಕೇಳಿಸಿಕೊಂಡಳು, ಏನೂ ಹೇಳದೆ ಫೋನಿಟ್ಟಳು, ಶಿವಮಲ್ಲಪ್ಪನವರ ಎಡಗೈಯನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಳು. ಅವರಿಗೆ ಹೆಂಡತಿಯ ಹೆಸರು ಹೇಳುವ ಆಸೆ. ಸಿದ್ದಲಿಂಗಮ್ಮ. ಉದ್ದದ ಹೆಸರು; ಇನ್ನೂ ಮೂರು ವಾರವಾದರೂ ಬೇಕು.